ಎಸಿಟಾಲೊಪ್ರಾಮ್: ಶುರು ಮಾಡುವುದಕ್ಕಿಂತ ಬಿಡುವುದಕ್ಕೇ ಹೆಚ್ಚು ಲೆಕ್ಕ

ಈ ಮಾತ್ರೆ ನುಂಗುವವರು ಅದನ್ನು ಎಸಿಟಾಲೊಪ್ರಾಮ್ ಎಂದು ಕರೆಯುವುದು ಅಪರೂಪ. ‘ಟೆನ್ಷನ್ ಮಾತ್ರೆ’, ‘ನಿದ್ದೆ ಮಾತ್ರೆ’, ‘ನರದ ಮಾತ್ರೆ’ ಅನ್ನುತ್ತಾರೆ. ಮೆಡಿಕಲ್ ಶಾಪ್‌ನಲ್ಲಿ ಹಳೇ ಸ್ಟ್ರಿಪ್ ತೋರಿಸಿ ‘ಇದೇ ಕೊಡಿ’ ಅನ್ನುತ್ತಾರೆ. ಅದು ನಿದ್ದೆ ಮಾತ್ರೆಯೂ ಅಲ್ಲ, ನರದ ಮಾತ್ರೆಯೂ ಅಲ್ಲ. ಖಿನ್ನತೆಗೆ ಮತ್ತು ಆತಂಕಕ್ಕೆ ನಮ್ಮ ಡಾಕ್ಟರುಗಳು ತುಂಬ ಬರೆಯುವ ಔಷಧಿ.

ಏನು ನುಂಗುತ್ತಿದ್ದೇವೆ ಎಂದು ಗೊತ್ತಿಲ್ಲದೆ ಇದ್ದಾಗ ಆಗುವ ಎಡವಟ್ಟು ಹೆಚ್ಚುಕಡಿಮೆ ಒಂದೇ ಥರ. ಮದುವೆಗೆಂದು ಊರಿಗೆ ಹೋದಾಗ ಮಾತ್ರೆ ಮುಗಿಯುತ್ತದೆ, ಇಲ್ಲವೇ ‘ಈಗ ಆರಾಮಾಗಿದೀನಲ್ಲ, ಇನ್ಯಾಕೆ’ ಎಂದು ಒಂದು ದಿನ ನಿಲ್ಲಿಸುತ್ತಾರೆ. ಮೂರನೇ ದಿನಕ್ಕೆ ತಲೆ ಸುತ್ತು, ವಾಕರಿಕೆ, ಸುಮ್ಮಸುಮ್ಮನೆ ಸಿಡುಕು. ಬಿಪಿ ನೋಡಿಸುತ್ತಾರೆ, ಕಿವಿ ಡಾಕ್ಟರ ಹತ್ತಿರ ಹೋಗುತ್ತಾರೆ, ಪಿತ್ತ ಎಂದು ನಿಂಬೆಹಣ್ಣಿನ ಪಾನಕ ಕುಡಿಯುತ್ತಾರೆ. ಮಾತ್ರೆ ಬಿಟ್ಟದ್ದು ಮಾತ್ರ ನೆನಪಾಗುವುದಿಲ್ಲ.

ಮೊದಲು ಸ್ಟ್ರಿಪ್‌ನ ಹಿಂಬದಿ ಓದಿ

ಮುಂದೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದೇ ನಿಜವಾದ ಔಷಧಿ: ಎಸಿಟಾಲೊಪ್ರಾಮ್ ಆಕ್ಸಲೇಟ್, ಅದರ ಮುಂದೆ 5, 10 ಅಥವಾ 20 ಮಿಲಿಗ್ರಾಂ. ಜನ ‘ಪವರ್’ ಅನ್ನುವುದು ಈ ಅಂಕಿಗೆ. ಆ ಸಾಲಿನ ಕೆಳಗೆ ‘ಕ್ಲೊನಾಜೆಪಾಮ್ 0.25’ ಅಥವಾ ‘0.5’ ಎಂದು ಇನ್ನೊಂದು ಸಾಲು ಇದ್ದರೆ ನಿಮ್ಮ ಕೈಯಲ್ಲಿರುವುದು ಒಂದು ಮಾತ್ರೆಯಲ್ಲ, ಎರಡು ಔಷಧಿ ಒಟ್ಟಿಗೆ ಕಟ್ಟಿದ ಮಾತ್ರೆ. ಇಂಥವಕ್ಕೆ ಹೆಸರಿನ ಕೊನೆಯಲ್ಲಿ ‘ಪ್ಲಸ್’ ಅಂತಲೋ ಬೇರೆ ಏನಾದರೂ ಬಾಲವೋ ಇರುವುದುಂಟು. ಆ ಎರಡನೇ ಸಾಲಿನ ಕಥೆ ದೊಡ್ಡದು, ಮುಂದೆ ಹೇಳುತ್ತೇವೆ.

ಔಷಧಿಯ ಹೆಸರಿಗೂ ಒಂದು ಹಿನ್ನೆಲೆ ಇದೆ. ಡೆನ್ಮಾರ್ಕಿನ ಲುಂಡ್‌ಬೆಕ್ ಕಂಪನಿ 1989ರಲ್ಲಿ ಸಿಟಾಲೊಪ್ರಾಮ್ ಎಂಬ ಔಷಧಿಯನ್ನು ಮಾರುಕಟ್ಟೆಗೆ ತಂದಿತು. ಅದರ ಅಣುಗಳು ಎರಡು ರೂಪದಲ್ಲಿರುತ್ತವೆ, ಎಡಗಾಲಿನ ಮತ್ತು ಬಲಗಾಲಿನ ಚಪ್ಪಲಿಯ ಹಾಗೆ: ನೋಡಲು ಒಂದೇ, ಒಂದರ ಕಾಲಿಗೆ ಇನ್ನೊಂದು ಕೂರುವುದಿಲ್ಲ. ಕೆಲಸ ಮಾಡುವುದು ಹೆಚ್ಚಾಗಿ ಅವುಗಳಲ್ಲೊಂದು. ಅದನ್ನಷ್ಟೇ ಬೇರ್ಪಡಿಸಿದ್ದೇ ಎಸಿಟಾಲೊಪ್ರಾಮ್. ಅಮೆರಿಕದಲ್ಲಿ ಇದಕ್ಕೆ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಹಾಗಾಗಿ 20 ಮಿಲಿಗ್ರಾಂ ಸಿಟಾಲೊಪ್ರಾಮ್ ಮಾಡುವ ಕೆಲಸವನ್ನು ಸುಮಾರು 10 ಮಿಲಿಗ್ರಾಂ ಎಸಿಟಾಲೊಪ್ರಾಮ್ ಮಾಡುತ್ತದೆ. ಈ ಎರಡಕ್ಕೊಂದರ ಲೆಕ್ಕ ನೆನಪಿಟ್ಟುಕೊಳ್ಳಿ, ಡೋಸ್ ಇಳಿಸುವ ಕಡೆ ಬೇಕಾಗುತ್ತದೆ.

ತಲೆಯೊಳಗೆ ನಡೆಯುವುದೇನು?

ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕಾದರೆ ನಡುವಿನ ಕಿರುಸಂದಿಗೆ ರಾಸಾಯನಿಕವೊಂದನ್ನು ಸುರಿಯುತ್ತದೆ. ಸಿರೊಟೊನಿನ್ ಅಂಥದ್ದೊಂದು. ಸುದ್ದಿ ಮುಟ್ಟಿದ ಮೇಲೆ, ಸುರಿದ ಕೋಶವೇ ಪಂಪು ಹಚ್ಚಿ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಎಸಿಟಾಲೊಪ್ರಾಮ್ ಹೋಗಿ ಆ ಪಂಪಿನ ಬಾಯಿಗೆ ಕೂರುತ್ತದೆ. ಸಿರೊಟೊನಿನ್ ಸಂದಿಯಲ್ಲಿ ಇನ್ನಷ್ಟು ಹೊತ್ತು ಉಳಿಯುತ್ತದೆ. ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಔಷಧಿಗಳೆಲ್ಲ ಮಾಡುವುದು ಇದನ್ನೇ. ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಪೆರಾಕ್ಸೆಟಿನ್ ಇದರ ದಾಯಾದಿಗಳು.

ಪಂಪಿನ ಬಾಯಿ ಕಟ್ಟುವುದು ಮೊದಲ ದಿನವೇ ಆಗುತ್ತದೆ, ಆದರೆ ಮನಸ್ಸು ಹಗುರಾಗಲು 2ರಿಂದ 6 ವಾರ ಬೇಕು. ಯಾಕೆಂದರೆ ಗುಣ ಕೊಡುವುದು ಹೆಚ್ಚಿದ ಸಿರೊಟೊನಿನ್ ಒಂದೇ ಅಲ್ಲ, ಅದಕ್ಕೆ ಹೊಂದಿಕೊಳ್ಳಲು ಮಿದುಳು ಮಾಡಿಕೊಳ್ಳುವ ಬದಲಾವಣೆಗಳು. ಸುದ್ದಿ ಪಡೆಯುವ ಕೋಶಗಳು ತಮ್ಮ ಗ್ರಾಹಕಗಳನ್ನು (ಸಿರೊಟೊನಿನ್ ಹಿಡಿಯುವ ಜಾಗಗಳನ್ನು) ನಿಧಾನವಾಗಿ ಕಡಿಮೆ ಮಾಡಿಕೊಳ್ಳುತ್ತವೆ, ಹೊಸ ಅಳತೆಗೆ ಒಗ್ಗಿಕೊಳ್ಳುತ್ತವೆ. ಬಿಟ್ಟಾಗ ಬರುವ ತೊಂದರೆಯ ಬೇರು ಇರುವುದೂ ಇಲ್ಲೇ.

‘ಸಿರೊಟೊನಿನ್ ಕಮ್ಮಿಯಾಗಿದೆ, ಅದನ್ನು ತುಂಬುತ್ತದೆ’ ಎಂಬ ವಿವರಣೆ ಕೇಳಿರಬಹುದು. ಅದು ಸರಳ ಮಾಡಲು ಹೋಗಿ ತಪ್ಪಾದ ಮಾತು. ಖಿನ್ನತೆ ಇರುವವರಲ್ಲಿ ಸಿರೊಟೊನಿನ್ ಕಡಿಮೆ ಇರುತ್ತದೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಔಷಧಿ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಮಾತ್ರ ಪುರಾವೆ ಇದೆ: 522 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2018ರ ವಿಶ್ಲೇಷಣೆಯಲ್ಲಿ 21 ಖಿನ್ನತೆಯ ಔಷಧಿಗಳೂ ಒಳಗೆ ಔಷಧಿಯೇ ಇಲ್ಲದ ಹುಸಿಮಾತ್ರೆಗಿಂತ ಮೇಲಾಗಿದ್ದವು, ಗುಣ ಕೊಡುವುದು, ರೋಗಿಗೆ ತಾಳುವುದು ಎರಡರಲ್ಲೂ ಚೆನ್ನಾಗಿದ್ದ ಕೆಲವೇ ಔಷಧಿಗಳಲ್ಲಿ ಎಸಿಟಾಲೊಪ್ರಾಮ್ ಒಂದು. ಪ್ಯಾರಾಸಿಟಮಾಲ್ ಜ್ವರ ಇಳಿಸುತ್ತದೆ ಎಂದ ಮಾತ್ರಕ್ಕೆ ಜ್ವರ ಎಂದರೆ ಪ್ಯಾರಾಸಿಟಮಾಲ್ ಕೊರತೆ ಅನ್ನುವುದಿಲ್ಲವಲ್ಲ.

ಯಾವುದಕ್ಕೆ, ಎಷ್ಟು, ಎಷ್ಟು ದಿನ?

ಮಧ್ಯಮದಿಂದ ತೀವ್ರ ಖಿನ್ನತೆ, ಬಿಡದೆ ಕಾಡುವ ಆತಂಕ, ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು ಸತ್ತೇಹೋಗುತ್ತೇನೆ ಅನ್ನಿಸುವ ಪ್ಯಾನಿಕ್, ನಾಲ್ಕು ಜನರ ಎದುರು ನಿಲ್ಲಲಾರದ ಭಯ, ಮತ್ತೆ ಮತ್ತೆ ಕೈ ತೊಳೆಯುವಂಥ ಗೀಳು ರೋಗ: ಇವಕ್ಕೆ ಕೊಡುತ್ತಾರೆ. ಸಾಮಾನ್ಯವಾಗಿ ದಿನಕ್ಕೊಮ್ಮೆ 10 ಮಿಲಿಗ್ರಾಂ. ಪ್ಯಾನಿಕ್ ಇರುವವರಿಗೆ, ವಯಸ್ಸಾದವರಿಗೆ 5ರಿಂದ ಶುರು. ಗರಿಷ್ಠ 20, 65 ದಾಟಿದವರಿಗೆ 10 ದಾಟಿಸದಿರುವುದು ರೂಢಿ, ಏಕೆಂದರೆ ಡೋಸ್ ಹೆಚ್ಚಿದಷ್ಟೂ ಹೃದಯ ಬಡಿತದ ವಿದ್ಯುತ್ ಲಯದಲ್ಲಿ, ಇಸಿಜಿಯಲ್ಲಿ ‘ಕ್ಯೂಟಿ’ ಎಂದು ಅಳೆಯುವ ಭಾಗ ಹಿಗ್ಗುವ ಅಪಾಯವಿದೆ. ಊಟಕ್ಕೆ ಮೊದಲೋ ನಂತರವೋ ಎಂಬ ಕಟ್ಟು ಇಲ್ಲ, ಆದರೆ ದಿನವೂ ಒಂದೇ ಹೊತ್ತಿಗೆ. ನಿದ್ದೆ ಕೆಡಿಸಿದರೆ ಬೆಳಿಗ್ಗೆಗೆ, ತೂಕಡಿಕೆ ತಂದರೆ ರಾತ್ರಿಗೆ.

ಒಂದು ದಿನ ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಮಾತ್ರೆಯ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ.

ಗುಣ ಕಂಡ ಮೇಲೂ ಕನಿಷ್ಠ 6 ತಿಂಗಳು, ಎಷ್ಟೋ ಸಲ 9ರಿಂದ 12 ತಿಂಗಳು ಮುಂದುವರಿಸುತ್ತಾರೆ. ಖಿನ್ನತೆ ಮರುಕಳಿಸಿದ ಇತಿಹಾಸ ಇದ್ದವರಿಗೆ 2 ವರ್ಷ ಅಥವಾ ಮೇಲೆ. ‘ಆರಾಮಾಗಿದೀನಿ’ ಅನ್ನುವುದು ಮಾತ್ರೆಯ ಆಸರೆಯಲ್ಲೇ ಇರಬಹುದು. ಪ್ಲಾಸ್ಟರ್ ಹಾಕಿದ ಕಾಲು ನೋಯುತ್ತಿಲ್ಲ ಎಂದು ಪ್ಲಾಸ್ಟರ್ ಕಿತ್ತರೆ ಹೇಗೋ ಹಾಗೆ.

ಮೊದಲ ಎರಡು ವಾರ

ಇಲ್ಲೇ ತುಂಬ ಜನ ಕೈಬಿಡುವುದು. ಅಡ್ಡಪರಿಣಾಮ ಮೊದಲು ಬರುತ್ತದೆ, ಗುಣ ಆಮೇಲೆ. ದೇಹದ ಸಿರೊಟೊನಿನ್‌ನಲ್ಲಿ ಬಹುಪಾಲು ಇರುವುದು ತಲೆಯಲ್ಲಲ್ಲ, ಕರುಳಿನಲ್ಲಿ. ಆದ್ದರಿಂದ ಮೊದಲು ದೂರು ಹೇಳುವುದು ಹೊಟ್ಟೆ: ವಾಕರಿಕೆ, ಭೇದಿ, ಹಸಿವು ಕಟ್ಟುವುದು. ಜೊತೆಗೆ ತಲೆನೋವು, ಬೆವರು, ಬಾಯಿ ಒಣಗುವುದು, ಆಕಳಿಕೆ. ಹೆಚ್ಚಿನವು ಒಂದೆರಡು ವಾರದಲ್ಲಿ ತಾವಾಗಿ ಇಳಿಯುತ್ತವೆ. ತಿಂದ ಮೇಲೆ ತೆಗೆದುಕೊಂಡರೆ ವಾಕರಿಕೆ ಕಡಿಮೆ.

ಆತಂಕಕ್ಕೆ ಎಂದು ಕೊಟ್ಟ ಮಾತ್ರೆ ಮೊದಲ ವಾರ ಆತಂಕವನ್ನೇ ಹೆಚ್ಚಿಸುವುದೂ ಉಂಟು. ಕೂತಲ್ಲಿ ಕೂರಲಾಗದ ಚಡಪಡಿಕೆ, ಒಳಗೊಳಗೇ ನಡುಕ. 5ರಿಂದ ಶುರು ಮಾಡುವುದರ ಕಾರಣ ಇದೇ.

ಎಚ್ಚರ ಬೇಕಾದದ್ದು ಇನ್ನೆರಡು ಕಡೆ. 25 ತುಂಬದವರಲ್ಲಿ ಮೊದಲ ವಾರಗಳಲ್ಲಿ ಮತ್ತು ಡೋಸ್ ಬದಲಾದಾಗ ಆತ್ಮಹತ್ಯೆಯ ಯೋಚನೆ ಹೆಚ್ಚುವ ಅಪಾಯ ಸ್ವಲ್ಪ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು, ಹದಿಹರೆಯದವರ ಬಗ್ಗೆ ಎಲ್ಲ ಖಿನ್ನತೆಯ ಔಷಧಿಗಳ ಮೇಲೂ ಈ ಎಚ್ಚರಿಕೆ ಹಾಕಿಸಿತು, 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಮಾತ್ರೆ ಕೊಡಬಾರದು ಎಂದು ಅರ್ಥವಲ್ಲ. ಮೊದಲ ತಿಂಗಳು ಮನೆಯವರ ಕಣ್ಣಿರಬೇಕು, ಡಾಕ್ಟರನ್ನು ಬೇಗ ಬೇಗ ಕಾಣಬೇಕು. ಎರಡನೆಯದು, ಬೈಪೋಲಾರ್ (ಖಿನ್ನತೆ ಒಮ್ಮೆ, ವಿಪರೀತ ಹುರುಪು ಇನ್ನೊಮ್ಮೆ ಬರುವ ಕಾಯಿಲೆ) ಇರುವುದು ಗೊತ್ತಾಗದೆ ಬರೀ ಇದೊಂದನ್ನೇ ಕೊಟ್ಟರೆ ಕೆಲವರು ಇನ್ನೊಂದು ತುದಿಗೆ ಜಿಗಿಯುತ್ತಾರೆ: ನಿದ್ದೆ ಬೇಡ, ಮಾತು ನಿಲ್ಲದು, ಕೈಯಲ್ಲಿ ದುಡ್ಡು ನಿಲ್ಲದು. ಹಿಂದೆ ಎಂದಾದರೂ ಇಂಥ ‘ವಿಪರೀತ ಹುರುಪಿನ’ ದಿನಗಳು ಇದ್ದವೇ ಎಂದು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಉಳಿದುಕೊಳ್ಳುವ ತೊಂದರೆಗಳು

ಲೈಂಗಿಕ ತೊಂದರೆ ಇದರಲ್ಲಿ ಮೊದಲನೆಯದು, ಬಾಯಿಬಿಟ್ಟು ಹೇಳುವುದರಲ್ಲಿ ಕೊನೆಯದು. ಆಸಕ್ತಿ ಕುಗ್ಗುವುದು, ಸ್ಖಲನ ಅಥವಾ ತೃಪ್ತಿ ತಡವಾಗುವುದು, ಆಗದೇ ಇರುವುದು: ಗಂಡಸರಿಗೂ ಹೆಂಗಸರಿಗೂ ಬರುತ್ತದೆ, ವಾಕರಿಕೆಯ ಹಾಗೆ ತಾನಾಗಿ ಹೋಗುವುದು ಕಡಿಮೆ. ಕೆಲವರಲ್ಲಿ ಮಾತ್ರೆ ನಿಲ್ಲಿಸಿದ ಮೇಲೂ ಉಳಿದ ವರದಿಗಳಿವೆ. ಹೇಳಲು ನಾಚಿ ಸದ್ದಿಲ್ಲದೆ ಮಾತ್ರೆ ಬಿಡುವವರು ಬಹಳ; ಡೋಸ್ ಇಳಿಸುವುದು, ಔಷಧಿ ಬದಲಿಸುವುದು ಎರಡೂ ಸಾಧ್ಯವಿದೆ, ಹೇಳಿದರೆ.

ಕೆಲವರಿಗೆ ತಿಂಗಳುಗಳಲ್ಲಿ ತೂಕ ಏರುತ್ತದೆ. ಇನ್ನು ಕೆಲವರು ‘ಅಳುವೂ ಬರಲ್ಲ, ನಗುವೂ ಬರಲ್ಲ’ ಅನ್ನುತ್ತಾರೆ. ದುಃಖದ ಜೊತೆಗೆ ಸಂತೋಷವೂ ಮೊಂಡಾದ ಹಾಗೆ. ಡೋಸ್ ಹೆಚ್ಚಾಯಿತು ಎನ್ನುವುದಕ್ಕೆ ಇದು ಗುರುತಾಗಿರಬಹುದು.

ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಯಬಹುದು. ಬಿಪಿಗೆ ಹೈಡ್ರೊಕ್ಲೋರೊಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಥರದ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಅಪಾಯ ಹೆಚ್ಚು. ಹೊಸದಾಗಿ ಮರೆವು, ಗೊಂದಲ, ನಡೆಯುವಾಗ ತೂರಾಟ ಕಂಡರೆ ‘ವಯಸ್ಸಾಯ್ತು’ ಎಂದು ಕೂರಬೇಡಿ. ಒಂದು ಸೋಡಿಯಂ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ; 135ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದೇ.

ಜೊತೆಗೆ ಬೇರೆ ಮಾತ್ರೆ ಇದ್ದರೆ

ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಇದರ ಹೆಸರು ಹೇಳಬೇಕು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಿಗೂ ಸಿರೊಟೊನಿನ್ ಬೇಕು. ಅವೂ ಅದನ್ನು ಇದೇ ಪಂಪಿನಿಂದ ಎಳೆದುಕೊಳ್ಳುತ್ತವೆ. ಹಾಗಾಗಿ ಮಂಡಿನೋವಿಗೆಂದು ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಆಸ್ಪಿರಿನ್‌ಗೂ ಇದೇ ಮಾತು. ನೋವಿಗೆ ಪ್ಯಾರಾಸಿಟಮಾಲ್ ಸುರಕ್ಷಿತ.

ನೋವಿಗೆ ಕೊಡುವ ಟ್ರಮಡಾಲ್, ಡೆಕ್ಸ್‌ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್, ಔಷಧಿಗೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೊಲಿಡ್: ಇವು ಕೂಡಿದರೆ ಸಿರೊಟೊನಿನ್ ಮಿತಿಮೀರಬಹುದು. ಗಂಟೆಗಳೊಳಗೆ ನಡುಕ, ಬೆವರು, ಭೇದಿ, ಕಾಲು ಅದುರುವುದು, ಜ್ವರ, ಗೊಂದಲ ಶುರುವಾದರೆ ನೇರ ಆಸ್ಪತ್ರೆಗೆ.

ಗ್ಯಾಸ್ ಮಾತ್ರೆಯನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಎಸಿಟಾಲೊಪ್ರಾಮನ್ನು ಕರಗಿಸುವ ಯಕೃತ್ತಿನ ಮುಖ್ಯ ಕಿಣ್ವವನ್ನೇ ಒಮೆಪ್ರಜೋಲ್ ತಡೆಯುತ್ತದೆ. ರಕ್ತದಲ್ಲಿ ಎಸಿಟಾಲೊಪ್ರಾಮ್ ಸುಮಾರು ಅರ್ಧಪಾಲು ಏರಬಹುದು. ಅಂದರೆ 10 ನುಂಗಿದವರಿಗೆ 15 ನುಂಗಿದ ಪರಿಣಾಮ. ಪ್ಯಾಂಟೊಪ್ರಜೋಲ್‌ನಿಂದ ಇಷ್ಟು ತೊಂದರೆ ಇಲ್ಲ.

ಬಿಟ್ಟಾಗ ಆಗುವುದೇನು?

ರಕ್ತದಲ್ಲಿ ಔಷಧಿ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಹಿಡಿಯುತ್ತದೆ. ಇನ್ನೊಂದು 30 ಗಂಟೆಗೆ ಕಾಲುಭಾಗ. ಆರು ದಿನ ಕಳೆಯುವಷ್ಟರಲ್ಲಿ ಬಹುಮಟ್ಟಿಗೆ ಖಾಲಿ. ಪಂಪುಗಳು ತೆರೆದುಕೊಳ್ಳುತ್ತವೆ, ಆದರೆ ಮಿದುಳು ತಿಂಗಳುಗಟ್ಟಲೆ ಒಗ್ಗಿಕೊಂಡ ಹೊಸ ಅಳತೆಯಲ್ಲೇ ಇದೆ. ಅದು ವಾಪಸ್ ಬರಲು ವಾರಗಳು, ಕೆಲವರಲ್ಲಿ ತಿಂಗಳುಗಳು ಬೇಕು. ಈ ನಡುವಿನ ಅಂತರವೇ ತೊಂದರೆ. 2ರಿಂದ 4ನೇ ದಿನದಲ್ಲಿ ಶುರು: ತಲೆ ಸುತ್ತು, ವಾಕರಿಕೆ, ಫ್ಲೂ ಬಂದ ಹಾಗೆ ಮೈಕೈ ನೋವು, ಚಿತ್ರವಿಚಿತ್ರ ಕನಸು, ಸಿಡುಕು, ಕಾರಣವಿಲ್ಲದ ಅಳು.

ಇವೆಲ್ಲದರ ನಡುವೆ ಬೇರೆ ಯಾವ ಕಾಯಿಲೆಯಲ್ಲೂ ಸುಲಭಕ್ಕೆ ಕಾಣದ ಒಂದು ಗುರುತಿದೆ. ಕಣ್ಣನ್ನು ಥಟ್ಟನೆ ಪಕ್ಕಕ್ಕೆ ಹೊರಳಿಸಿದಾಗ ತಲೆಯೊಳಗೆ ‘ಝಿಪ್’ ಎಂದು ಕರೆಂಟ್ ಹೊಡೆದ ಹಾಗೆ, ಅರೆಕ್ಷಣ ಲೋಕವೇ ತುಂಡಾಗಿ ಮತ್ತೆ ಕೂಡಿಕೊಂಡ ಹಾಗೆ. ನೋವಿರುವುದಿಲ್ಲ, ಮಿದುಳಿಗೆ ಹಾನಿಯೂ ಆದಂತಲ್ಲ; ಆದರೆ ಗೊತ್ತಿಲ್ಲದವರು ಪಾರ್ಶ್ವವಾಯು ಎಂದೇ ಬೆಚ್ಚುತ್ತಾರೆ.

ಎಷ್ಟು ಜನಕ್ಕೆ ಹೀಗಾಗುತ್ತದೆ ಎಂಬುದರಲ್ಲಿ ತಜ್ಞರಲ್ಲೇ ಜಗಳವಿದೆ. ಬ್ರಿಟನ್ನಿನ ಒಂದು ವಿಮರ್ಶೆ 2019ರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎಂದಿತು. ಜರ್ಮನಿಯ ಸಂಶೋಧಕರ 2024ರ ವಿಶ್ಲೇಷಣೆ ಹುಸಿಮಾತ್ರೆ ಬಿಟ್ಟವರಲ್ಲೂ ಶೇ 17 ಜನ ಇಂಥದ್ದೇ ಹೇಳುತ್ತಾರೆಂದು ತೋರಿಸಿ, ಅದನ್ನು ಕಳೆದು, ಆರೇಳು ಜನರಲ್ಲಿ ಒಬ್ಬರಿಗೆ ಎಂದಿತು. ತೀವ್ರವಾಗಿ ಬಳಲುವವರು ಶೇ 3ರಷ್ಟು. ಎರಡನೆಯದರಲ್ಲಿ ಕಡಿಮೆ ಕಾಲ ಮಾತ್ರೆ ತೆಗೆದುಕೊಂಡವರೇ ಹೆಚ್ಚು ಎಂಬ ಆಕ್ಷೇಪಣೆ ಇದೆ. ವರ್ಷಗಟ್ಟಲೆ ನುಂಗಿದವರಿಗೆ ಆ ಅಂಕಿ ಸಲೀಸಾಗಿ ಅನ್ವಯಿಸದು ಎನ್ನುವುದು ನ್ಯಾಯವಾದ ಮಾತೇ.

ಹಾಗಾದರೆ ಇದು ಚಟವೇ? ಅಲ್ಲ. ಚಟದಲ್ಲಿ ಆಸೆ ಎಳೆಯುತ್ತದೆ, ದಿನದಿನಕ್ಕೆ ಪ್ರಮಾಣ ಏರುತ್ತದೆ. ಎಸಿಟಾಲೊಪ್ರಾಮ್‌ಗಾಗಿ ಯಾರೂ ಹಪಹಪಿಸುವುದಿಲ್ಲ. ದೇಹ ಒಗ್ಗಿಕೊಂಡಿರುತ್ತದೆ, ಅಷ್ಟೇ. ಆದರೆ ‘ಚಟವಲ್ಲ’ ಎಂದರೆ ‘ಬಿಟ್ಟರೆ ಏನೂ ಆಗಲ್ಲ’ ಎಂದಲ್ಲ; ಈ ಎರಡನ್ನು ಬೆರೆಸಿ ಹೇಳಿದ್ದರಿಂದಲೇ ಬಹಳ ಜನ ಸಿಕ್ಕಿಬಿದ್ದಿರುವುದು.

ಹಳೇ ಕಾಯಿಲೆ ಮರಳಿತೇ, ಮಾತ್ರೆ ಬಿಟ್ಟದ್ದರಿಂದಲೇ?

ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವಾಗ ಶುರುವಾಯಿತು? ಬಿಟ್ಟ ಅಥವಾ ಇಳಿಸಿದ ವಾರದೊಳಗೇ ಆದರೆ ಮಾತ್ರೆಯ ಮೇಲೆ ಸಂಶಯ. ವಾರಗಳು, ತಿಂಗಳುಗಳ ನಂತರ ಮೆಲ್ಲಗೆ ಕವಿದರೆ ಕಾಯಿಲೆಯ ಮೇಲೆ. ಲಕ್ಷಣ ಹಳೆಯದೋ ಹೊಸದೋ? ತಲೆಯೊಳಗಿನ ಕರೆಂಟ್ ಹೊಡೆತ, ತಲೆ ಸುತ್ತು ಮೊದಲ ಖಿನ್ನತೆಯಲ್ಲಿ ಇರಲಿಲ್ಲವಾದರೆ ಅದು ಬಿಟ್ಟದ್ದರ ತೊಂದರೆ. ಮಾತ್ರೆ ಮತ್ತೆ ಶುರು ಮಾಡಿದರೆ? ಬಿಟ್ಟದ್ದರ ತೊಂದರೆ ಒಂದೆರಡು ದಿನದಲ್ಲಿ ಇಳಿಯುತ್ತದೆ, ಮರಳಿದ ಖಿನ್ನತೆ ಇಳಿಯಲು ಮತ್ತೆ ವಾರಗಳೇ ಬೇಕು.

ಇಳಿಸುವ ಲೆಕ್ಕ

20ರಿಂದ 10, 10ರಿಂದ 5, ಆಮೇಲೆ ನಿಲ್ಲಿಸಿ ಎನ್ನುವುದು ರೂಢಿ. ಕಾಗದದ ಮೇಲೆ ಸಲೀಸಾದ ಮೆಟ್ಟಿಲು, ಮಿದುಳಿನಲ್ಲಿ ಹಾಗಲ್ಲ. ಸಾರಿಗೆ ಹಾಕುವ ಮೊದಲ ಚಿಟಿಕೆ ಉಪ್ಪು ಮಾಡುವ ಬದಲಾವಣೆಯನ್ನು ಹತ್ತನೇ ಚಿಟಿಕೆ ಮಾಡುವುದಿಲ್ಲ, ಇಲ್ಲೂ ಅಷ್ಟೇ. ಮಿದುಳಿನ ಸ್ಕ್ಯಾನ್‌ಗಳ ಆಧಾರದಲ್ಲಿ 2019ರಲ್ಲಿ ಪ್ರಕಟವಾದ ಲೆಕ್ಕದಂತೆ 20 ಮಿಲಿಗ್ರಾಂ ಸಿಟಾಲೊಪ್ರಾಮ್ ಸುಮಾರು ಶೇ 80ರಷ್ಟು ಪಂಪುಗಳ ಬಾಯಿ ಕಟ್ಟುತ್ತದೆ. ಅದು 9ಕ್ಕೆ ಇಳಿದರೂ ಶೇ 70. ಐದೂವರೆಗೆ ಶೇ 60. ಒಂದೂವರೆ ಮಿಲಿಗ್ರಾಂನಲ್ಲೂ ಶೇ 30.

ಎಸಿಟಾಲೊಪ್ರಾಮ್‌ಗೆ ಈ ಡೋಸ್‌ಗಳನ್ನು ಅರ್ಧ ಮಾಡಿಕೊಳ್ಳಿ. 10ರಿಂದ 5ಕ್ಕೆ ಬಂದರೆ ಇಳಿಯುವುದು ಹತ್ತು ಅಂಶವೂ ಅಲ್ಲ. 5ರಿಂದ ಸೊನ್ನೆಗೆ ಬಂದರೆ ಒಂದೇ ಏಟಿಗೆ ಎಪ್ಪತ್ತು. ಮೆಟ್ಟಿಲನ್ನು ಹುಷಾರಾಗಿ ಇಳಿದು ಬಂದು ಕೊನೆಗೆ ಮಾಳಿಗೆಯಿಂದ ಜಿಗಿದ ಹಾಗೆ. ‘ಐದಕ್ಕೆ ಬರೋವರೆಗೂ ಏನೂ ಆಗಿರಲಿಲ್ಲ’ ಎಂದು ಅಚ್ಚರಿಪಡುವವರ ಉತ್ತರ ಇಲ್ಲಿದೆ.

ಆದ್ದರಿಂದ ಈಗ ಹೇಳುವ ಕ್ರಮ, ದೊಡ್ಡ ಹೆಜ್ಜೆ ಬೇಡ ಎಂದು: 10, 7.5, 5, 2.5, ಸಾಧ್ಯವಾದರೆ ಅದಕ್ಕೂ ಕೆಳಗೆ, ಇನ್ನೂ ಚಿಕ್ಕ ಹೆಜ್ಜೆಯಲ್ಲಿ. ಪ್ರತಿ ಹೆಜ್ಜೆಯಲ್ಲೂ 2ರಿಂದ 4 ವಾರ ನಿಂತು. ಕೆಲವೇ ವಾರ ನುಂಗಿದವರಿಗೆ ಇಷ್ಟು ಬೇಕಾಗದು. ವರ್ಷಗಟ್ಟಲೆ ನುಂಗಿದವರಿಗೆ ಇದೂ ಸಾಲದಿರಬಹುದು. 5ರ ಮಾತ್ರೆಯನ್ನು ಮೆಡಿಕಲ್ ಶಾಪ್‌ನಲ್ಲಿ ಸಿಗುವ ಮಾತ್ರೆ ಕತ್ತರಿಸುವ ಡಬ್ಬಿಯಲ್ಲಿ ಇಟ್ಟು ಅರ್ಧ ಮಾಡಿದರೆ ಎರಡೂವರೆ. ಈಳಿಗೆ, ಬ್ಲೇಡಿನಲ್ಲಿ ಕತ್ತರಿಸಿದರೆ ಪುಡಿಯಾಗಿ ಅಳತೆ ತಪ್ಪುತ್ತದೆ. ಅದಕ್ಕೂ ಕೆಳಗೆ ಹೋಗಲು ಕೆಲವು ದೇಶಗಳಲ್ಲಿ ಹನಿ ಔಷಧಿ ಇದೆ, ಒಂದು ಹನಿಗೆ ಒಂದು ಮಿಲಿಗ್ರಾಂ.

ದಿನ ಬಿಟ್ಟು ದಿನ ನುಂಗುವ ಉಪಾಯ ಮಾತ್ರ ಬೇಡ. 48 ಗಂಟೆಯಲ್ಲಿ ರಕ್ತದಲ್ಲಿ ಉಳಿಯುವುದು ಮೂರನೇ ಒಂದು ಭಾಗ. ಎರಡು ದಿನಕ್ಕೊಮ್ಮೆ ಏರಿಳಿತ ಮಾಡಿ ಮಿದುಳನ್ನು ಉಯ್ಯಾಲೆಗೆ ಕೂರಿಸಿದಂತಾಗುತ್ತದೆ. ಒಂದು ಹೆಜ್ಜೆಯಲ್ಲಿ ತಾಳಲಾರದ ತೊಂದರೆ ಬಂದರೆ ಹಿಂದಿನ ಡೋಸ್‌ಗೆ ಮರಳಿ, ನಿಂತು, ಮುಂದಿನ ಸಲ ಇನ್ನೂ ಚಿಕ್ಕ ಹೆಜ್ಜೆ ಇಡುವುದು. ಬಸುರಿಯಾದದ್ದು ತಿಳಿದ ಕೂಡಲೇ ಗಾಬರಿಯಿಂದ ನಿಲ್ಲಿಸುವುದೂ ಬೇಡ. ಆ ವಾರವೇ ಡಾಕ್ಟರನ್ನು ಕಾಣಿ.

‘ಪ್ಲಸ್’ನ ಎರಡನೇ ಸಾಲು

ಕ್ಲೊನಾಜೆಪಾಮ್ ಖಿನ್ನತೆಯ ಔಷಧಿಯಲ್ಲ. ಎಸಿಟಾಲೊಪ್ರಾಮ್ ಹತ್ತುವವರೆಗಿನ ಚಡಪಡಿಕೆ, ನಿದ್ದೆಗೇಡು ತಡೆಯಲು ಮೊದಲ 2ರಿಂದ 4 ವಾರಕ್ಕೆಂದು ಜೊತೆಗಿಡುತ್ತಾರೆ. ಅದು ಅರ್ಧ ಗಂಟೆ, ಒಂದು ಗಂಟೆಯಲ್ಲೇ ಹಾಯೆನಿಸುತ್ತದೆ, ಹಾಗಾಗಿ ‘ಈ ಮಾತ್ರೆ ಚೆನ್ನಾಗಿದೆ’ ಎಂದು ಅದೇ ಚೀಟಿ ವರ್ಷಗಟ್ಟಲೆ ನಡೆಯುತ್ತದೆ. ಇದಕ್ಕೆ ಚಟವಾಗುವ ಗುಣವಿದೆ. ಥಟ್ಟನೆ ಬಿಟ್ಟರೆ ನಡುಕ, ನಿದ್ದೆಯಿಲ್ಲದ ರಾತ್ರಿಗಳು, ಅಪಸ್ಮಾರದಂತೆ ಫಿಟ್ಸ್ ಕೂಡ ಬರಬಹುದು. ವಯಸ್ಸಾದವರಲ್ಲಿ ಬೀಳುವುದು, ಮರೆವು. ಮದ್ಯದ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ.

ಜೋಡಿ ಮಾತ್ರೆಯನ್ನು ಅರ್ಧ ಮಾಡಿದರೆ ಎರಡೂ ಒಟ್ಟಿಗೆ ಅರ್ಧವಾಗುತ್ತವೆ, ಬಂದ ತೊಂದರೆ ಯಾವುದರದ್ದು ಎಂದು ಹೇಳಲಾಗದು. ಮೊದಲು ಡಾಕ್ಟರಿಂದ ಎರಡನ್ನೂ ಬೇರೆ ಬೇರೆ ಮಾತ್ರೆಯಾಗಿ ಬರೆಸಿಕೊಳ್ಳಬೇಕು, ಆಮೇಲೆ ಒಂದೊಂದಾಗಿ ಇಳಿಸಬೇಕು. ಮಕ್ಕಳ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮಂದಿರಿಗೆ ಇದು ಮುಖ್ಯ: ಈ ಜೋಡಿ ಮಾತ್ರೆ ಅಲ್ಲಿ ಇಲ್ಲ, ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿಯ ಫಾರ್ಮಸಿಗೆ ಅರ್ಥವಾಗದು. ಚೀಟಿಯಲ್ಲಿ ಎರಡೂ ಔಷಧಿಗಳ ಮೂಲ ಹೆಸರು ಮತ್ತು ಮಿಲಿಗ್ರಾಂ ಇರಲಿ, ಮಾತ್ರೆ ಕೈಚೀಲದಲ್ಲೇ ಇರಲಿ. ಚೆಕ್-ಇನ್ ಸೂಟ್‌ಕೇಸ್ ಮೂರು ದಿನ ತಡವಾದರೆ ಏನಾಗುತ್ತದೆ ಎಂಬುದು ಈಗ ಗೊತ್ತಿದೆಯಲ್ಲ.

ಯಾರನ್ನು ಕೇಳುವುದು?

ಮಾತ್ರೆ ಬರೆದ ಡಾಕ್ಟರೇ ಮೊದಲು. ಅವರು ಸಿಗದಿದ್ದರೆ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416: ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಆಗಲೇ ಕರೆ ಮಾಡಿ. ಕರೆ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ, ಹಿಂಬದಿ ಮೇಲೆ ಮಾಡಿ.